ಒಂದು ಡಿಗ್ರಿ ಬಿಸಿಲು, 34 ಮಿ.ಮೀ. ಸುಳ್ಳು

ತೊಗರಿಯಲ್ಲಿ ನುಸಿ ತಾನಾಗಿ ಹುಟ್ಟುತ್ತದೆ ಎಂದು ಕಲಬುರಗಿ ಕಡೆ ಇವತ್ತಿಗೂ ಹೇಳುವವರಿದ್ದಾರೆ. ಮಾಂಸದಲ್ಲಿ ಹುಳ ತಾನಾಗಿ ಹುಟ್ಟುವುದಿಲ್ಲವೆಂದು ಇಟಲಿಯ ಫ್ರಾನ್ಸೆಸ್ಕೊ ರೆಡಿ 1668ರಲ್ಲೇ ಪಾತ್ರೆಗೆ ಬಟ್ಟೆ ಕಟ್ಟಿ ತೋರಿಸಿದ್ದ. ತೊಗರಿಗೆ ಮೊಟ್ಟೆ ಹೊಲದಿಂದಲೇ ಅಂಟಿ ಬರುತ್ತದೆ. ಕಾಳಿನ ಮೇಲಿನ ಬಿಳಿ ಚುಕ್ಕೆಯೇ ಅದು. ಗಾಳಿ ಆಡದಂತೆ ಮುಚ್ಚಿದರೆ ಒಳಗಿನ ಆಮ್ಲಜನಕ ಮುಗಿದು ಹುಳ ಸಾಯುತ್ತದೆ. ನಮ್ಮ ಹಗೇವುಗಳು, ಅಂದರೆ ನೆಲದಡಿಯ ಕಾಳಿನ ಗುಂಡಿಗಳು, ಜೋಳ ಕಾಯ್ದದ್ದು ಹೀಗೆಯೇ. ಬಾಯಿ ತೆರೆದ ಕೂಡಲೇ ಯಾರೂ ಒಳಗಿಳಿಯಬಾರದು ಎನ್ನುತ್ತಿದ್ದದ್ದೂ ಅದಕ್ಕೇ.

ಈಗಿನ ತಗಡಿನ ಕಣಜ ಸೋರುತ್ತದೆಯೇ? ಮುಚ್ಚಳ ತಟ್ಟಿ ನೋಡಿದರೆ ತಿಳಿಯದು. ಒಂದು ಮೀಟರ್ ಪಾರದರ್ಶಕ ಪೈಪನ್ನು ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿ, ಶಾಯಿ ಬೆರೆಸಿದ ನೀರು ಹಾಕಿ, ಒಂದು ತುದಿಯನ್ನು ಕಣಜದ ನಳಿಕೆಗೆ ಸಿಕ್ಕಿಸಿ. ಸೈಕಲ್ ವಾಲ್ವ್ ಕೂರಿಸಿದ ಇನ್ನೊಂದು ತೂತಿನಿಂದ ಗಾಳಿ ಹೊಡೆಯಿರಿ. ಎರಡೂ ಕಾಲುಗಳ ನೀರಿನ ಮಟ್ಟಕ್ಕೆ 25 ಮಿ.ಮೀ. ಅಂತರ ಬಂದರೆ ಒಳಗಿನ ಹೆಚ್ಚುವರಿ ಒತ್ತಡ ಸುಮಾರು 250 ಪಾಸ್ಕಲ್ (ಒತ್ತಡ ಅಳೆಯುವ ಮಾನ). ಒಂದೇ ಕಾಲಿನಲ್ಲಿ 25 ಏರಿಸುವವರು ದುಪ್ಪಟ್ಟು ಒತ್ತಡ ಹಾಕಿರುತ್ತಾರೆ. ಒಂದು ಚದರ ಮೀಟರ್ ತಗಡಿಗೆ 250 ಪಾಸ್ಕಲ್ ಎಂದರೇ 25 ಕೆಜಿ ತಳ್ಳಾಟ, ಉಬ್ಬಿಬಿಡುತ್ತದೆ.

ಅಂತರ ಹನ್ನೆರಡೂವರೆಗೆ ಇಳಿಯಲು ಐದು ನಿಮಿಷವಾದರೂ ಹಿಡಿಯಬೇಕು. ಆಸ್ಟ್ರೇಲಿಯಾದವರು ಹೊಸ ಸೈಲೋಗಳಿಗೆ, ಅಂದರೆ ದೊಡ್ಡ ಕಣಜಗಳಿಗೆ, ಇಟ್ಟುಕೊಂಡ ಅಳತೆ ಇದು. ಒಳಗೆ 1,000 ಲೀಟರ್ ಗಾಳಿಯಿದ್ದರೆ ಅಷ್ಟರಲ್ಲಿ ಸೋರಿದ್ದು ಒಂದೂಕಾಲು ಲೀಟರ್: ಹೊರಗಿನ ಒತ್ತಡ ಸುಮಾರು ಒಂದು ಲಕ್ಷ ಪಾಸ್ಕಲ್, ಅದರಲ್ಲಿ 125 ಎಷ್ಟನೆಯ ಪಾಲೋ ಸಾವಿರ ಲೀಟರಿನಲ್ಲೂ ಅಷ್ಟನೆಯ ಪಾಲು. ತುಂಬಿದ ಕಣಜವಾದರೆ ಕಾಳಿನ ಸಂದಿಯ ಗಾಳಿಯನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ.

ಇಷ್ಟೆಲ್ಲ ಮಾಡಿದ ಮೇಲೂ ಮೋಸ ಮಾಡುವುದು ನಮ್ಮ ಬಿಸಿಲು. ಮುಚ್ಚಿದ ಗಾಳಿ ಒಂದೇ ಒಂದು ಡಿಗ್ರಿ ಕಾದರೆ ಒತ್ತಡ ಸುಮಾರು 340 ಪಾಸ್ಕಲ್ ಏರುತ್ತದೆ, ನೀರಿನಲ್ಲಿ 34 ಮಿ.ಮೀ.! ನಾವು ಹುಡುಕುತ್ತಿರುವುದು ಹನ್ನೆರಡೂವರೆ. ಶರಣಬಸವೇಶ್ವರ ಜಾತ್ರೆಯಲ್ಲಿ ನಿಂತು ಪಿಸುಮಾತು ಕೇಳಿಸಿಕೊಂಡಂತೆ. ತಕ್ಕಡಿ ತಟ್ಟೆಗೆ ಕೈಯೂರಿ ಚಿನ್ನ ತೂಗಿದಂತೆ. ಬೆಳಗ್ಗೆ ಎಂಟರ ಬಿಸಿಲಿಗೆ ತೂತು ಕಣಜವೂ ಪಾಸಾಗುತ್ತದೆ, ಸಂಜೆ ತಣ್ಣಗಾಗುವಾಗ ಗಟ್ಟಿ ಕಣಜವೂ ಫೇಲಾಗುತ್ತದೆ. ಹೊತ್ತು ಮೂಡುವ ಮುಂಚೆ, ಗಾಳಿ ಬೀಸದಿರುವಾಗ ಅಳೆಯಬೇಕು. ಪಂಪು ಹೊಡೆದಾಗಲೂ ಗಾಳಿ ಬಿಸಿಯಾಗುತ್ತದೆ. ಎರಡು ನಿಮಿಷ ಸುಮ್ಮನಿದ್ದು, ಅಂತರವನ್ನು ಮತ್ತೆ 25ಕ್ಕೆ ಸರಿಮಾಡಿ ಗಡಿಯಾರ ನೋಡಿ.

ಬೇಗ ಇಳಿದರೆ ಮುಚ್ಚಳದ ರಬ್ಬರು, ಕಾಳು ಬಿಡುವ ಕೆಳಬಾಯಿ, ತಗಡಿನ ಬೆಸುಗೆಗಳಿಗೆ ಸೋಪಿನ ನೊರೆ ಹಚ್ಚಿ. ಎಲ್ಲೂ ಗುಳ್ಳೆ ಏಳದಿದ್ದರೆ ಸೈಕಲ್ ವಾಲ್ವ್ ಬಿಚ್ಚಿ, ಒಳಗಿನ ವಾಲ್‌ಟ್ಯೂಬ್ ಸೀಳಿದೆಯೇ ನೋಡಿ.