ಮೇಲಿನ ಕುರ್ಚಿಗೆ ತಡವಾಗಿ ತಲುಪುವ ಬದಲಾವಣೆ

ಕಂಪನಿಯೊಂದು ತನ್ನ ರೀತಿನೀತಿ ಬದಲಿಸಲು ಹೊರಟಾಗ ‘ನೌಕರರು ಒಪ್ಪುತ್ತಿಲ್ಲ’ ಎಂಬ ದೂರು ಮೊದಲು ಕೇಳಿಬರುತ್ತದೆ. ಮುಖ್ಯಸ್ಥರು ಒಗ್ಗಿಕೊಂಡರೇ ಎಂದು ವಿಚಾರಿಸುವವರು ವಿರಳ. ಇದು ಇಂದು ನಿನ್ನೆಯ ರೂಢಿಯಲ್ಲ.

ಅಮೆರಿಕದ ವರ್ಜೀನಿಯಾ ರಾಜ್ಯದ ಮೇರಿಯನ್‌ನಲ್ಲಿ ಹಾರ್ವುಡ್ ಎಂಬ ಪೈಜಾಮ ಕಾರ್ಖಾನೆಯಿತ್ತು. ಅಲ್ಲಿ ಇಸ್ತ್ರಿ ಮಾಡುವವರ ಒಂದು ಗುಂಪು ಅರ್ಧ ಡಜನ್ ಬಟ್ಟೆಗಳನ್ನು ಚಪ್ಪಟೆ ರಟ್ಟಿನ ಮೇಲೆ ಪೇರಿಸುತ್ತಿತ್ತು. ಇನ್ನು ಮುಂದೆ ಪೆಟ್ಟಿಗೆಯೊಳಗೆ ಪೇರಿಸಬೇಕು ಎಂದು ಆಡಳಿತ ಹೇಳಿತು. ಬದಲಾದದ್ದು ಅಷ್ಟೇ. ಉತ್ಪಾದನೆ ಕುಸಿಯಿತು, 40 ದಿನಗಳಲ್ಲಿ ಶೇ 17ರಷ್ಟು ಮಂದಿ ಕೆಲಸ ಬಿಟ್ಟರು. ಹೊಸ ವಿಧಾನವನ್ನು ರೂಪಿಸುವಾಗಲೇ ಎಲ್ಲರನ್ನೂ ಕೂರಿಸಿಕೊಂಡು ಮಾತನಾಡಿದ ಗುಂಪುಗಳಲ್ಲಿ ಒಬ್ಬರೂ ಬಿಡಲಿಲ್ಲ, ಉತ್ಪಾದನೆ ಹಿಂದಿಗಿಂತ ಶೇ 14ರಷ್ಟು ಏರಿತು. ಕೆಲವು ವಾರಗಳ ಬಳಿಕ, ಮೊದಲ ಗುಂಪಿನಲ್ಲಿ ಉಳಿದವರನ್ನೂ ಹೀಗೆಯೇ ಜೊತೆಗೆ ಸೇರಿಸಿಕೊಂಡಾಗ ಅವರೂ ಚೇತರಿಸಿಕೊಂಡರು. ಜನ ಅವರೇ, ಬದಲಾದದ್ದು ಆಡಳಿತ ನಡೆದುಕೊಂಡ ರೀತಿ.

ಸಂಶೋಧಕರಾದ ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ 1948ರಲ್ಲಿ ಪ್ರಕಟಿಸಿದ ಈ ಅಧ್ಯಯನದ ಶೀರ್ಷಿಕೆ, ಬದಲಾವಣೆಗೆ ಎದುರಾಗುವ ಪ್ರತಿರೋಧವನ್ನು ಮೀರುವುದರ ಕುರಿತಾಗಿತ್ತು. ನನಗೆ ಬೇಸರ ತರುವುದು ಇದೇ: ಆಡಳಿತ ವಲಯದಲ್ಲಿ ನೆಲೆಯೂರಿದ್ದು ‘ಪ್ರತಿರೋಧ’ ಎಂಬ ಪದ, ಒಳಗಿನ ಪಾಠವಲ್ಲ. ಅದಕ್ಕೂ ಒಂದು ವರ್ಷ ಮೊದಲು ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಹೇಳಿದ್ದ, ಹಳೆಯ ರೂಢಿಯನ್ನು ಕರಗಿಸು, ಬದಲಿಸು, ಮತ್ತೆ ಗಟ್ಟಿಮಾಡು ಎಂಬ ಸೂತ್ರಕ್ಕೂ ಅದೇ ಗತಿ. ಕರಗಬೇಕಾದವರು ಕೆಳಗಿನವರು, ಅಚ್ಚು ಹಿಡಿಯುವವರು ಮೇಲಿನವರು ಎಂಬ ಅರ್ಥ ಅದಕ್ಕೆ ಅಂಟಿಕೊಂಡಿತು.

ಇದು ಎಷ್ಟು ತಲೆಕೆಳಗು ಎಂಬುದನ್ನು ಅಮೆರಿಕದ ಚಿಪ್ ತಯಾರಿಕಾ ಕಂಪನಿ ಇಂಟೆಲ್ ತೋರಿಸಿತು. ಕಂಪ್ಯೂಟರಿನಲ್ಲಿ ಮಾಹಿತಿ ಇಟ್ಟುಕೊಳ್ಳುವ ಮೆಮೊರಿ ಚಿಪ್‌ಗಳಿಂದಲೇ ಬೆಳೆದ ಕಂಪನಿ ಅದು. 1980ರ ದಶಕದಲ್ಲಿ ಜಪಾನಿನ ತಯಾರಕರ ಪೈಪೋಟಿಗೆ ನಲುಗಿತು. 1985ರ ಒಂದು ದಿನ ಅಧ್ಯಕ್ಷ ಆಂಡಿ ಗ್ರೋವ್, ಕಿಟಕಿಯಾಚೆ ದೂರದಲ್ಲಿ ತಿರುಗುತ್ತಿದ್ದ ಜೈಂಟ್ ವೀಲ್ ನೋಡುತ್ತ, ಸಿಇಒ ಗಾರ್ಡನ್ ಮೂರ್ ಅವರನ್ನು ಕೇಳಿದರು: ನಮ್ಮನ್ನು ಹೊರಹಾಕಿ ಹೊಸಬರನ್ನು ತಂದರೆ ಅವರು ಏನು ಮಾಡುತ್ತಾರೆ? ಮೆಮೊರಿ ಕೈಬಿಡುತ್ತಾರೆ ಎಂದರು ಮೂರ್. ಹಾಗಾದರೆ ನಾವೇ ಬಾಗಿಲಾಚೆ ಹೋಗಿ ಮರಳಿ ಬಂದು ಆ ಕೆಲಸ ಮಾಡಬಾರದೇಕೆ ಎಂದರು ಗ್ರೋವ್.

ಈ ಮಾತುಕತೆ ನಾಯಕತ್ವದ ಪಾಠಗಳಲ್ಲಿ ಹೆಸರುವಾಸಿ. ಅದರ ಹಿಂದಿನ ಸಂಗತಿ ಇನ್ನೂ ಮುಖ್ಯ. ಹೆಚ್ಚು ಲಾಭ ತರುವ ಉತ್ಪನ್ನಕ್ಕೆ ಹೆಚ್ಚು ಉತ್ಪಾದನಾ ಸಾಮರ್ಥ್ಯ ಎಂಬ ನಿಯಮ ಕಂಪನಿಯಲ್ಲಿತ್ತು. ಅದರಂತೆ ಉತ್ಪಾದನಾ ಯೋಜಕರು ಮತ್ತು ಹಣಕಾಸು ವಿಭಾಗದವರು ತಿಂಗಳಿಂದ ತಿಂಗಳಿಗೆ ಘಟಕಗಳನ್ನು ಕಂಪ್ಯೂಟರಿನ ಲೆಕ್ಕಾಚಾರ ನಡೆಸುವ ಚಿಪ್ ಆದ ಮೈಕ್ರೊಪ್ರೊಸೆಸರ್ ಕಡೆಗೆ ಹೊರಳಿಸುತ್ತಲೇ ಇದ್ದರು. ಮೇಲಿನವರು ತೀರ್ಮಾನಕ್ಕೆ ಬರುವ ಹೊತ್ತಿಗೆ ಎಂಟು ಘಟಕಗಳಲ್ಲಿ ಒಂದು ಮಾತ್ರ ಮೆಮೊರಿ ತಯಾರಿಸುತ್ತಿತ್ತು. ಇನ್ನು ಮೆಮೊರಿ ಕೊಡಲಾಗದು ಎಂದು ಗ್ರಾಹಕರಿಗೆ ತಿಳಿಸಲು ಕಂಪನಿ ಅಳುಕುತ್ತಲೇ ಹೋಯಿತು. ಅವರಲ್ಲೊಬ್ಬರು ಹೇಳಿದ್ದು ಇಷ್ಟೇ: ‘ಇದಕ್ಕೆ ನೀವು ಬಹಳ ಕಾಲ ತೆಗೆದುಕೊಂಡಿರಿ.’