ಜೂಲಿ ಕೋರಿ ಅಂತ ಕೊಟ್ಟರು, ನಿಜಕ್ಕೂ ಜೂಲಿನಾ?

ಪ್ರಶ್ನೆ: ತುಮಕೂರಿನ ಒಂದು ಅಂಗಡಿಯಲ್ಲಿ ‘ಜೂಲಿ ಕೋರಿ’ ಅಂತ ಆರು ಮೀನು ತಂದೆ. ಬೆಳ್ಳಿ ಮೈ, ತುಂಬ ಕಪ್ಪು ಗುರುತು, ಬೆನ್ನಿನ ರೆಕ್ಕೆ ತುದಿಯಲ್ಲಿ ಕಪ್ಪು ಮಚ್ಚೆ. ಇದು ಜೂಲಿ ಅಲ್ಲವೇ ಅಲ್ಲ ಅಂತಾನೆ ಗೆಳೆಯ. ಯಾರನ್ನು ನಂಬಲಿ?

ಉತ್ತರ: ಗೆಳೆಯನನ್ನೇ ನಂಬಿ. ಕೋರಿ ಅಂದರೆ ಕೋರಿಡೋರಸ್, ತೊಟ್ಟಿಯ ತಳದಲ್ಲಿ ಓಡಾಡುವ ಪುಟ್ಟ ಮೀಸೆಮೀನು; ಜೂಲಿ ಅದರ ಒಂದು ಜಾತಿ. ಜೂಲಿ ಹೆಸರಲ್ಲಿ ಅಂಗಡಿಗೆ ಬರುವುದು ಜಾಸ್ತಿ ‘ಟ್ರೈಲಿನಿಯೇಟಸ್’ ಎಂಬ ಇನ್ನೊಂದು ಜಾತಿಯ ಕೋರಿ. ರೆಕ್ಕೆಯ ಮಚ್ಚೆ ಎರಡರಲ್ಲೂ ಇರುತ್ತದೆ, ಅದನ್ನು ನೋಡಿ ಪ್ರಯೋಜನವಿಲ್ಲ.

ನೋಡಬೇಕಾದದ್ದು ತಲೆ. ಮೀನು ಗಾಜಿನ ಪಕ್ಕ ಮರಳು ಕೆದಕುತ್ತಿರುವಾಗ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಚುಕ್ಕಿ ಇಟ್ಟು ಎಳೆ ಎಳೆಯದೆ ಬಿಟ್ಟ ರಂಗೋಲಿಯಂತೆ ಬಿಡಿಬಿಡಿ ಚುಕ್ಕಿ ಕಂಡರೆ ಜೂಲಿ. ಚುಕ್ಕಿಗಳು ಒಂದಕ್ಕೊಂದು ಕೂಡಿ ಬಳ್ಳಿಯಾಗಿದ್ದರೆ ಟ್ರೈಲಿನಿಯೇಟಸ್. ಆಮೇಲೆ ಪಕ್ಕೆ ನೋಡಿ. ಕೋರಿಗೆ ಪೊರೆ ಇಲ್ಲ, ಎರಡು ಸಾಲು ಗಟ್ಟಿ ಎಲುಬಿನ ಫಲಕ ಇರುತ್ತವೆ. ಆ ಸಾಲುಗಳು ಕೂಡುವ ಕಡೆ ಟ್ರೈಲಿನಿಯೇಟಸ್‌ಗೆ ದಪ್ಪನೆಯ ಅಂಕುಡೊಂಕು ಗೆರೆ ಬಾಲದವರೆಗೂ ಹೋಗುತ್ತದೆ.

ಒಂದು ಮೀನು ನೋಡಿ ತೀರ್ಮಾನ ಮಾಡಬೇಡಿ. ಕೆಲವು ಟ್ರೈಲಿನಿಯೇಟಸ್‌ಗೆ ತಲೆಯ ಎಳೆ ತುಂಡಾಗಿ ಚುಕ್ಕಿಯಂತೆಯೇ ಕಾಣುತ್ತದೆ. ಆರನ್ನೂ ನೋಡಿ.

ಅಂಗಡಿಯವರ ಮೇಲೆ ಸುಮ್ನೆ ಸಿಟ್ಟಾಗಬೇಡಿ, ಈ ತಪ್ಪು ಹೆಸರು ಪ್ರಪಂಚದ ತುಂಬ ಓಡಾಡುತ್ತಿದೆ. ಜೂಲಿಯ ಊರು ಈಶಾನ್ಯ ಬ್ರೆಜಿಲ್, ಪಾರ್ನೈಬಾ ನದಿಯ ಕಡೆ. 1906ರಲ್ಲಿ ಹೆಸರು ಸಿಕ್ಕಿತು. ವ್ಯಾಪಾರಕ್ಕೆ ಬರುವುದು ಅಪರೂಪ. ಟ್ರೈಲಿನಿಯೇಟಸ್ ಪೆರು ಕಡೆಯ ಅಮೆಜಾನಿನದು, ಹೆಸರಾಗಿದ್ದು 1872ರಲ್ಲಿ. ತೊಟ್ಟಿಯಲ್ಲಿ ಮರಿ ಮಾಡುತ್ತದೆ, ಹಾಗಾಗಿ ಫಾರಂಗಳಿಂದ ಧಾರಾಳವಾಗಿ ಬರುತ್ತದೆ. ಹಳೇ ಕೋರಿಡೋರಸ್ ಗುಂಪನ್ನು 2024ರಲ್ಲಿ ವಿಜ್ಞಾನಿಗಳು ಒಡೆದರು. ಈಗ ಎರಡೂ ‘ಹಾಪ್ಲಿಸೋಮ’ ಎಂಬ ಗುಂಪಿನವು. ಅಂಗಡಿಯಲ್ಲಿ ಹಾಗೆ ಕೇಳಿದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ, ಬಿಡಿ.

ಸಾಕುವವರಿಗೆ ಇದರಿಂದ ದೊಡ್ಡ ವ್ಯತ್ಯಾಸವಿಲ್ಲ. ಎರಡೂ ಎರಡು ಇಂಚು ಆಸುಪಾಸು, ಎರಡಕ್ಕೂ ನುಣುಪು ಮರಳು ಮತ್ತು ಜೊತೆಗಾರರು ಬೇಕು. ಗುರುತು ತಪ್ಪಿದರೆ ನಿಜವಾಗಿ ಕಷ್ಟ ಕೊಡುವುದು ‘ಸಕ್ಕರ್’ ಮೀನಿನ ಮರಿ. ಗಾಜಿಗೆ ಬಾಯಿ ಅಂಟಿಸಿ ನಿಂತರೆ ಅದು ಕೋರಿ ಅಲ್ಲ. ಒಂದಡಿ ದಾಟಿ ಬೆಳೆಯುತ್ತದೆ. ಸಾಕಲಾಗದೆ ಅಮಾನಿಕೆರೆಗೆ ಬಿಡುವ ಯೋಚನೆ ಮಾತ್ರ ಬೇಡ, ಅಲ್ಲಿನ ಮೀನುಗಳಿಗೇ ಕುತ್ತು. ಅಂಗಡಿಗೆ ವಾಪಸ್ ಕೊಡಿ.

ಫೋಟೋಗೆಂದು ಕೋರಿ ಹಿಡಿಯುವುದಾದರೆ ಬಲೆ ಬೇಡ, ಪಕ್ಕದ ರೆಕ್ಕೆಯ ಮುಳ್ಳು ಸಿಕ್ಕಿಕೊಳ್ಳುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿ.