ಇದು ಎರಡು ಸಾವಿರ ವರ್ಷದ ಜಗಳ ಅಲ್ಲ

ಇಪ್ಪತ್ತೆರಡು ವರ್ಷದಿಂದ ಮಂಗಳೂರಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಇಸ್ರೇಲ್-ಪ್ಯಾಲೆಸ್ತೀನ್ ವಿಷಯ ಎತ್ತಿದ ದಿನ ಹಿಂದಿನ ಬೆಂಚಿನಿಂದ ಒಂದು ಮಾತು ಬಂದೇ ಬರುತ್ತದೆ. "ಅದು ಎರಡು ಸಾವಿರ ವರ್ಷದ ಧರ್ಮಯುದ್ಧ ಸರ್, ಮುಗಿಯೋದೇ ಇಲ್ಲ." ಮದುವೆ ಊಟಕ್ಕೆ ಕೂತರೆ ಪಕ್ಕದವರೂ ಇದನ್ನೇ ಹೇಳುತ್ತಾರೆ. ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಮಾತು ತಪ್ಪು ಅನ್ನುವುದು ಒಂದು. ಯಾರೂ ಏನೂ ಮಾಡಬೇಕಾಗಿಲ್ಲ ಅನ್ನುವ ನೆಮ್ಮದಿ ಅದರೊಳಗಿದೆ ಅನ್ನುವುದು ಇನ್ನೊಂದು.

ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರ ಜೊತೆ ಸೇರಿ, ಇವತ್ತು ಇಸ್ರೇಲಿನಲ್ಲಿರುವ ಹೈಫಾ ಊರನ್ನು ತುರ್ಕರಿಂದ ಗೆದ್ದವರು ಈ ಕುದುರೆ ಸವಾರರು. ಅವರು ಒಳಹೊಕ್ಕಾಗ ಅಲ್ಲಿ ಇಸ್ರೇಲ್ ಎಂಬ ದೇಶ ಇರಲಿಲ್ಲ, ಪ್ಯಾಲೆಸ್ತೀನ್ ಎಂಬ ದೇಶವೂ ಇರಲಿಲ್ಲ. ನಾಲ್ಕು ನೂರು ವರ್ಷದಿಂದ ಒಟ್ಟೋಮನ್ ತುರ್ಕರ ಆಳ್ವಿಕೆ. ಮುಸ್ಲಿಮರು, ಕ್ರೈಸ್ತರು, ಯಹೂದಿಗಳು ಮೂವರೂ ಅಲ್ಲಿದ್ದರು. ಎಲ್ಲ ಸುಖವಾಗಿತ್ತು ಅನ್ನುತ್ತಿಲ್ಲ. ಆದರೆ ಇವತ್ತಿನ ಜಗಳ ಆಗಿನ್ನೂ ಎಳೆಯದು. ನಮ್ಮ ಮುತ್ತಜ್ಜನ ಕಾಲದ್ದು, ಅಷ್ಟೇ.

ಹಾಗಾದರೆ ಬೇರು ಎಲ್ಲಿದೆ? 1881ರಲ್ಲಿ ರಷ್ಯಾದಲ್ಲಿ ಯಹೂದಿಗಳ ಮೇಲೆ ಗುಂಪು ದಾಳಿಗಳು ಶುರುವಾದವು. ಮರುವರ್ಷದಿಂದಲೇ ಒಂದಷ್ಟು ಜನ ಪ್ಯಾಲೆಸ್ತೀನಿಗೆ ಬಂದರು. ಅವರ ಭಯ ನಿಜ, ಆ ನೆಲದ ಮೇಲಿನ ಪ್ರೀತಿಯೂ ನಿಜ. ಆದರೆ ನೆಲ ಖಾಲಿ ಇರಲಿಲ್ಲ. 1922ರ ಜನಗಣತಿಯಲ್ಲಿ ಸುಮಾರು ಏಳೂವರೆ ಲಕ್ಷ ಜನ, ಅದರಲ್ಲಿ ಯಹೂದಿಗಳು 84 ಸಾವಿರದಷ್ಟು.

ಇನ್ನು ಜಮೀನಿನ ವಿಷಯ. ಇಲ್ಲಿ ಸ್ವಲ್ಪ ತಾಳ್ಮೆ ಇರಲಿ, ಎಲ್ಲರೂ ಎಡವುವುದು ಇಲ್ಲೇ. 1858ರಲ್ಲಿ ಒಟ್ಟೋಮನ್ ಸರ್ಕಾರ ಜಮೀನು ನೋಂದಣಿ ಮಾಡಿಸಿ ಅಂತ ಕಾನೂನು ತಂದಿತು. ಕಂದಾಯ ಬೀಳುತ್ತದೆ, ಮಕ್ಕಳನ್ನು ಸೈನ್ಯಕ್ಕೆ ಎಳೆದೊಯ್ಯುತ್ತಾರೆ ಅಂತ ಹೆದರಿ ಎಷ್ಟೋ ರೈತರು ಹೆಸರನ್ನೇ ಬರೆಸಲಿಲ್ಲ. ಕಾಗದ ಪೇಟೆಯ ಸಿರಿವಂತರ ಹೆಸರಿಗಾಯಿತು. 1920ರ ದಶಕದಲ್ಲಿ ಬೈರೂತಿನ ಸುರ್ಸೋಕ್ ಮನೆತನ ಜೆಜ್ರೀಲ್ ಕಣಿವೆಯ ದೊಡ್ಡ ದೊಡ್ಡ ಹಿಡುವಳಿಗಳನ್ನು ಯಹೂದಿ ಸಂಸ್ಥೆಗಳಿಗೆ ಮಾರಿತು. ಮಾರಿದ್ದು ಕಾನೂನಿನಂತೆ, ಕೊಂಡದ್ದು ದುಡ್ಡು ಕೊಟ್ಟು. ಉಳುತ್ತಿದ್ದ ಒಕ್ಕಲುಗಳು ಜಾಗ ಖಾಲಿ ಮಾಡಬೇಕಾಯಿತು. ಗೇಣಿ ಕಂಡ ನಮ್ಮ ಜಿಲ್ಲೆಯ ಮಕ್ಕಳಿಗೆ ಇದನ್ನು ಎರಡನೇ ಸಲ ಹೇಳಬೇಕಾಗಿಲ್ಲ. ಕಾಗದ ತೋರಿಸುವವನೂ ಸುಳ್ಳು ಹೇಳುತ್ತಿಲ್ಲ, ಬೆವರು ತೋರಿಸುವವನೂ ಸುಳ್ಳು ಹೇಳುತ್ತಿಲ್ಲ.

ಹಾಗಂತ ಎಲ್ಲವೂ ಮಾರಾಟದಿಂದಲೇ ಆಯಿತು ಅಂತಲ್ಲ. 1947ರ ಹೊತ್ತಿಗೂ ಯಹೂದಿಗಳ ಒಡೆತನದಲ್ಲಿದ್ದದ್ದು ನೂರಕ್ಕೆ ಏಳು ಪಾಲಿನಷ್ಟೇ. ಉಳಿದದ್ದನ್ನು ಇಸ್ರೇಲ್ ದೇಶ ಹುಟ್ಟಿದಾಗಿನ 1948ರ ಯುದ್ಧ ತೀರ್ಮಾನಿಸಿತು. ಸುಮಾರು ಏಳು ಲಕ್ಷ ಪ್ಯಾಲೆಸ್ತೀನಿಯರು ಹೆದರಿ ಓಡಿದರು, ಇಲ್ಲವೇ ಅವರನ್ನು ಓಡಿಸಲಾಯಿತು. ವಾಪಸ್ ಬರಲು ಬಿಡಲಿಲ್ಲ. ಮುಂದಿನ ವರ್ಷಗಳಲ್ಲಿ ಇರಾಕ್, ಯೆಮೆನ್, ಮೊರಾಕೊಗಳಿಂದ ಲಕ್ಷಾಂತರ ಯಹೂದಿಗಳು ತಮ್ಮ ಮನೆಮಠ ಬಿಟ್ಟು ಇಸ್ರೇಲಿಗೆ ಬಂದರು.

ಧರ್ಮದ ಪಾತ್ರವೇ ಇಲ್ಲ ಅನ್ನಲಾರೆ. ಜೆರುಸಲೇಮಿನ ವಿಷಯದಲ್ಲಿ ಎರಡೂ ಕಡೆ ಮನಸ್ಸು ಕುದಿಯುತ್ತದೆ. ಪ್ಯಾಲೆಸ್ತೀನಿಯರ ಜೊತೆಗಿನ ಓಸ್ಲೋ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದ ಇಸ್ರೇಲ್ ಪ್ರಧಾನಿ ರಬಿನ್ ಅವರನ್ನು 1995ರಲ್ಲಿ ಕೊಂದವನು ಒಬ್ಬ ಯಹೂದಿ ಉಗ್ರ. ಅದೇ ಒಪ್ಪಂದ ಮುರಿಯಲೆಂದು ಪ್ಯಾಲೆಸ್ತೀನಿನ ಸಶಸ್ತ್ರ ಇಸ್ಲಾಮಿ ಸಂಘಟನೆ ಹಮಾಸ್ ಬಸ್ಸುಗಳಲ್ಲಿ ಬಾಂಬ್ ಸಿಡಿಸಿತು. ಆದರೆ ಈಜಿಪ್ಟನ್ನು ನೋಡಿ. ಇಸ್ರೇಲ್ ಜೊತೆ ಅದು 1948, 1956, 1967, 1973ರಲ್ಲಿ ನಾಲ್ಕು ಯುದ್ಧ ಮಾಡಿತು. 1979ರಲ್ಲಿ ಶಾಂತಿ ಒಪ್ಪಂದವಾಯಿತು. 1982ರ ಏಪ್ರಿಲ್ ಹೊತ್ತಿಗೆ 1967ರಲ್ಲಿ ಈಜಿಪ್ಟಿನಿಂದ ಗೆದ್ದುಕೊಂಡಿದ್ದ ಸಿನಾಯ್ ಪ್ರದೇಶವನ್ನು ಇಸ್ರೇಲ್ ಬಿಟ್ಟುಕೊಟ್ಟಿತು, ಅಲ್ಲಿ ಕಟ್ಟಿದ್ದ ಯಮಿತ್ ಎಂಬ ತನ್ನದೇ ಊರನ್ನು ಕೆಡವಿತು. ಆಮೇಲೆ ಆ ಎರಡು ದೇಶಗಳು ಯುದ್ಧ ಮಾಡಿಲ್ಲ. ಈಜಿಪ್ಟಿನವರೇನು ಧರ್ಮ ಬದಲಾಯಿಸಿದರಾ? ನೆಲದ ಲೆಕ್ಕ ಚುಕ್ತಾ ಆಯಿತು.

ಕಳೆದ ವರ್ಷ ಇಷ್ಟು ಹೇಳಿ ತರಗತಿ ಮುಗಿಸಿದ ಮೇಲೆ ಒಬ್ಬ ಹುಡುಗಿ ಮೇಜಿನ ಹತ್ತಿರ ಬಂದು ನಿಂತಳು. ಅವಳ ಅಮ್ಮ ಹೈಫಾದಲ್ಲಿ ಕೇರ್‌ಗಿವರ್. ಸೈರನ್ ಕೂಗಿದರೆ ತಾನು ನೋಡಿಕೊಳ್ಳುವ ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಗಟ್ಟಿ ಗೋಡೆಯ ಕೋಣೆಗೆ ತಳ್ಳಿಕೊಂಡು ಹೋಗುತ್ತಾರಂತೆ. ಆಮೇಲೆ ಮಗಳಿಗೆ ಫೋನು. "ಗಾಜಾದವರಿಗೆ ಅಂಥ ಕೋಣೆಯೂ ಇಲ್ಲ ಅಲ್ವಾ ಸರ್?" ಅಂದಳು. ಇಲ್ಲಮ್ಮ ಅಂದೆ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸತ್ತ ಸುಮಾರು 1,200 ಜನ, ಆಮೇಲೆ ಗಾಜಾದಲ್ಲಿ ಸತ್ತ ಹತ್ತಾರು ಸಾವಿರ ಜನ, ಎರಡೂ ಅವಳಿಗೆ ಗೊತ್ತಿತ್ತು. "ಮತ್ತೆ ಸಿನಾಯ್ ಥರ ಇಲ್ಲೂ ಯಾಕೆ ಆಗಬಾರದು?"

ಸುಮ್ನೆ ಸಮಾಧಾನ ಹೇಳಲು ಮನಸ್ಸು ಬರಲಿಲ್ಲ. ಸಿನಾಯಿಯಿಂದ ಎಬ್ಬಿಸಬೇಕಾಗಿದ್ದದ್ದು ಕೆಲವೇ ಸಾವಿರ ಇಸ್ರೇಲಿಗಳನ್ನು. 1967ರಲ್ಲೇ ಇಸ್ರೇಲ್ ಹಿಡಿದುಕೊಂಡ, ಪ್ಯಾಲೆಸ್ತೀನಿಯರು ವಾಸಿಸುವ ಪಶ್ಚಿಮ ದಂಡೆಯಲ್ಲಿ, ಪೂರ್ವ ಜೆರುಸಲೇಮ್ ಬಿಟ್ಟು, 1993ರಲ್ಲಿ ಸುಮಾರು 1.1 ಲಕ್ಷ ಇಸ್ರೇಲಿಗಳು ನೆಲೆಸಿದ್ದರು. ಈಗ 5 ಲಕ್ಷ ದಾಟಿದ್ದಾರೆ. ಶಾಂತಿ ಹತ್ತಿರದಲ್ಲಿದೆ ಅನ್ನುವ ಧೈರ್ಯ ನನಗಿಲ್ಲ, ಆದರೆ ತಡ ಮಾಡಿದಷ್ಟೂ ಕಷ್ಟ ಜಾಸ್ತಿ ಅಂದೆ. ಅವಳು ಎರಡೂ ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. "ಅಮ್ಮ ಇವತ್ತು ರಾತ್ರಿ ಫೋನ್ ಮಾಡ್ತಾರೆ, ಕೇಳ್ತೀನಿ" ಅಂದಳು.